‘ಆ ಹುಡುಗರು ವಯಸ್ಸು ಕದೀತಾರಂತೆ, ನಿಜವಾ?’ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಊರಿಂದ ಯಾರೇ ಬರಲಿ, ಬೇಸಿಗೆಯಾಗಿದ್ದರೆ ಅವರನ್ನು ಷಿಕಾಗೋ ವೈಟ್ ಸಾಕ್ಸ್ ತಂಡದ ಬೇಸ್‌ಬಾಲ್ ಆಟಕ್ಕೆ ಎಳೆದುಕೊಂಡು ಹೋಗುವುದು ನನ್ನ ಚಾಳಿ. ಮೊದಲ ಎರಡು ಇನಿಂಗ್ಸ್ ‘ಇದೇನು, ಒಬ್ಬನೂ ಹೊಡೀತಾನೇ ಇಲ್ಲ’ ಎಂಬ ಗೊಣಗಾಟ. ಮೂರನೆಯದಕ್ಕೆ ಬೋರ್ಡಿನ ಮೇಲಿನ ಹೆಸರು ಓದಲು ಶುರು ಮಾಡುತ್ತಾರೆ. ರೊಡ್ರಿಗಸ್, ಪೆರೆಸ್, ಹೆರ್ನಾಂಡೆಸ್, ಎಲ್ಲ ಲ್ಯಾಟಿನ್ ಅಮೆರಿಕದ ಕಡೆಯ ಹೆಸರು. ಆಮೇಲೆ ಆ ಪ್ರಶ್ನೆ ಬರುತ್ತದೆ. ಕಳೆದ ಸಲ ಶಿವಮೊಗ್ಗದ ಭಾವ ಕೇಳಿದರು: “ಅಲ್ಲ ಮಾರಾಯ, ಇವರಲ್ಲಿ ಅರ್ಧ ಜನ ವಯಸ್ಸು ಕದ್ದು ಬಂದವರಂತಲ್ಲ?”

ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಅನುಮಾನ ಸಹಜ. ವಯಸ್ಸಿನ ಕಳ್ಳತನ, ಅಂದರೆ ವಯಸ್ಸು ಕಡಿಮೆ ತೋರಿಸುವುದು, ನಮ್ಮಲ್ಲೂ ಇದೆ. ನಿಜ ವಯಸ್ಸು ತಿಳಿಯಲು ಬಿಸಿಸಿಐ ಹುಡುಗರ ಮಣಿಕಟ್ಟಿನ ಎಕ್ಸ್‌ರೇ ತೆಗೆಸುತ್ತದೆ. ನಮ್ಮ ದ್ರಾವಿಡ್ 2015ರ ಪಟೌಡಿ ಉಪನ್ಯಾಸದಲ್ಲಿ ಇದನ್ನೇ ಎತ್ತಿಕೊಂಡು ಖಾರವಾಗಿ ಮಾತಾಡಿದ್ದರು. ಹಾಗಾಗಿ ಭಾವನಿಗೆ ನಾನು ಹೇಳಿದ್ದು, ಕದಿಯುವುದು ನಿಜ, ಆದರೆ ಆ ಅಂಗಡಿ ಇಟ್ಟವರು ಹುಡುಗರಲ್ಲ ಅಂತ. ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಆರು ಇನಿಂಗ್ಸ್ ಮುಗಿದಿತ್ತು.

ಅಮೆರಿಕದ ಬೇಸ್‌ಬಾಲಿನ ಅತಿ ದೊಡ್ಡ ಪಂದ್ಯಾವಳಿಯಾದ ಮೇಜರ್ ಲೀಗಿನ ಆಟಗಾರರಲ್ಲಿ ನಾಲ್ಕನೇ ಒಂದಕ್ಕಿಂತ ಹೆಚ್ಚು ಪಾಲು ಹೊರದೇಶದಲ್ಲಿ ಹುಟ್ಟಿದವರು. ಅವರಲ್ಲೂ ಡೊಮಿನಿಕನ್ ರಿಪಬ್ಲಿಕ್ ಎಂಬ ಪುಟ್ಟ ದೇಶದವರೇ ಹೆಚ್ಚು, ಅವರ ಹಿಂದೆ ವೆನೆಜುವೆಲಾದವರು. ಅಮೆರಿಕದ ಹುಡುಗ ಹೈಸ್ಕೂಲು ಮುಗಿಸಿ ‘ಡ್ರಾಫ್ಟ್’ಗೆ ಬರಬೇಕು. ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ, ಮೊದಲ ಸುತ್ತುಗಳು ಟಿವಿಯಲ್ಲೂ ಬರುತ್ತವೆ. ಡೊಮಿನಿಕನ್ ಹುಡುಗನಿಗೆ ಡ್ರಾಫ್ಟ್ ಇಲ್ಲ. ಹದಿನಾರು ತುಂಬಿದರೆ ಯಾವ ತಂಡದ ಜೊತೆಗಾದರೂ ನೇರವಾಗಿ ಸಹಿ ಹಾಕಬಹುದು. ಮೊದಲು ಸಹಿಯ ಬಾಗಿಲು ತೆರೆಯುತ್ತಿದ್ದದ್ದು ಜುಲೈ 2ಕ್ಕೆ. ಈಗ ಜನವರಿ 15ಕ್ಕೆ.

ಬೆಲೆ ಇರುವುದು ಆ ಹದಿನಾರಕ್ಕೆ. ಗಂಟೆಗೆ 90 ಮೈಲಿ ವೇಗದಲ್ಲಿ ಚೆಂಡೆಸೆಯುವ ಹದಿನಾರರ ಹುಡುಗ ಅಂದರೆ ತಂಡಕ್ಕೆ ಆಟಗಾರರನ್ನು ಹುಡುಕುವ ಸ್ಕೌಟುಗಳು ಓಡಿ ಬರುತ್ತಾರೆ. ಅದೇ ವೇಗದಲ್ಲಿ ಎಸೆಯುವವನಿಗೆ ಇಪ್ಪತ್ತಾಗಿದ್ದರೆ ‘ಆಯ್ತಪ್ಪಾ, ನೋಡೋಣ’ ಅಂತಾರೆ.

ಹುಡುಗನನ್ನು ಅಲ್ಲಿಯವರೆಗೆ ತರುವವನು ‘ಬುಸ್ಕೋನ್’. ಸ್ಪ್ಯಾನಿಷ್‌ನಲ್ಲಿ ಹುಡುಕುವವನು ಅಂತ ಅರ್ಥ. ಕೋಚ್, ಏಜೆಂಟ್, ಸಾಲ ಕೊಡುವವನು ಮೂರೂ ಅವನೇ. ಹನ್ನೆರಡು ಹದಿಮೂರಕ್ಕೆ ಹುಡುಗನನ್ನು ಶಾಲೆ ಬಿಡಿಸಿ ತನ್ನ ಮೈದಾನಕ್ಕೆ ಕರೆದುಕೊಳ್ಳುತ್ತಾನೆ. ಊಟ, ಶೂ, ಗ್ಲೋವ್ ಎಲ್ಲ ಅವನ ಖರ್ಚು. ಮನೆಯವರ ಕೈಗೂ ಅಷ್ಟಿಷ್ಟು ಹಾಕಿರುತ್ತಾನೆ. ಕೆಲವು ಕಡೆ ದನಕುದುರೆಗಳಿಗೆ ಕೊಡುವ ಸ್ಟೆರಾಯ್ಡ್ ಸೂಜಿಯೂ ಚುಚ್ಚಿಸುತ್ತಾರೆ. ಸಹಿಯಾದ ದಿನ ತಂಡ ಕೊಡುವ ಬೋನಸ್ಸಿನಲ್ಲಿ ಶೇಕಡ ಮೂವತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಅವನ ಪಾಲು. ಅಮೆರಿಕದ ಏಜೆಂಟರು ಶೇಕಡ ಐದರ ಆಸುಪಾಸಿನಲ್ಲಿ ಕೆಲಸ ಮಾಡುತ್ತಾರೆ. ಬುಸ್ಕೋನ್‌ಗಳಲ್ಲೂ ಹುಡುಗರನ್ನು ಮಕ್ಕಳಂತೆ ನೋಡಿಕೊಳ್ಳುವವರಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಹುಡುಗನ ವಯಸ್ಸು ಒಂದು ವರ್ಷ ಇಳಿದರೆ ತನ್ನ ಪಾಲು ಎಷ್ಟು ಏರುತ್ತದೆ ಎಂಬ ಲೆಕ್ಕ ಎಲ್ಲರಿಗೂ ಗೊತ್ತು.

ಭಾವ ಹೇಳಿದ ಕಳ್ಳತನ ಹುಟ್ಟುವುದು ಇಲ್ಲಿ. 2006ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ತಂಡ ಎಸ್ಮೈಲಿನ್ ಗೊನ್ಸಾಲೆಸ್ ಎಂಬ ಹದಿನಾರರ ಹುಡುಗನಿಗೆ 14 ಲಕ್ಷ ಡಾಲರ್ ಕೊಟ್ಟಿತು. 2009ರಲ್ಲಿ ಗೊತ್ತಾಯಿತು, ಅವನು ಎಸ್ಮೈಲಿನ್ನೂ ಅಲ್ಲ, ಹದಿನಾರೂ ಅಲ್ಲ. ಕಾರ್ಲೋಸ್ ಅಲ್ವಾರೆಸ್, ನಾಲ್ಕು ವರ್ಷ ದೊಡ್ಡವನು. ತಂಡದ ಜನರಲ್ ಮ್ಯಾನೇಜರ್ ಜಿಮ್ ಬೌಡನ್, ತಾನು ತಪ್ಪು ಮಾಡಿಲ್ಲ ಅನ್ನುತ್ತಲೇ ರಾಜೀನಾಮೆ ಕೊಟ್ಟರು. ಕ್ಲೀವ್‌ಲ್ಯಾಂಡ್ ತಂಡಕ್ಕೆ ವರ್ಷಗಟ್ಟಲೆ ಬೌಲಿಂಗ್ ಮಾಡಿದ (ಪಿಚಿಂಗ್ ಅನ್ನಬೇಕು, ನನಗಿನ್ನೂ ನಾಲಿಗೆ ಹೊರಳುವುದಿಲ್ಲ) ಫೌಸ್ತೊ ಕಾರ್ಮೊನಾ ಎಂಬವನನ್ನು 2012ರ ಜನವರಿಯಲ್ಲಿ ಡೊಮಿನಿಕನ್ ರಾಜಧಾನಿ ಸಾಂತೊ ದೊಮಿಂಗೊದ ಅಮೆರಿಕನ್ ಕಾನ್ಸುಲೇಟ್ ಹೊರಗೆ ಪೊಲೀಸರು ಹಿಡಿದರು. ಅವನ ನಿಜ ಹೆಸರು ರೊಬೆರ್ತೊ ಹೆರ್ನಾಂಡೆಸ್, ವಯಸ್ಸು ಮೂರು ವರ್ಷ ಹೆಚ್ಚು.

ಇಂಥವನ್ನು ಹೇಳಿದರೆ ಎಲ್ಲರೂ ನಕ್ಕು, ‘ಹಾಗಾದರೆ ನಾನು ಹೇಳಿದ್ದೇ ಸರಿ’ ಅನ್ನುತ್ತಾರೆ. ಆಗ ನಾನು ನಮ್ಮದೇ ವೈಟ್ ಸಾಕ್ಸ್ ಕಥೆ ತೆಗೆಯುತ್ತೇನೆ.

ಡೇವಿಡ್ ವೈಲ್ಡರ್ ಎಂಬವರು ತಂಡದಲ್ಲಿ ಆಟಗಾರರ ಆಯ್ಕೆಯ ದೊಡ್ಡ ಅಧಿಕಾರಿಯಾಗಿದ್ದರು. ಅವರ ಕೈಕೆಳಗೆ ಲ್ಯಾಟಿನ್ ಅಮೆರಿಕ ಸುತ್ತುವ ಇಬ್ಬರು ಸ್ಕೌಟುಗಳು. ಹುಡುಗ ಐವತ್ತು ಸಾವಿರ ಡಾಲರಿಗೆ ಒಪ್ಪುತ್ತಾನೆ ಅಂತಿಟ್ಟುಕೊಳ್ಳಿ. ಇವರು ತಂಡಕ್ಕೆ ‘ಎಂಬತ್ತು ಕೊಡದಿದ್ದರೆ ಕೈತಪ್ಪುತ್ತಾನೆ’ ಅಂತ ಬರೆಯುತ್ತಾರೆ. ಎಂಬತ್ತು ಮಂಜೂರಾಗುತ್ತದೆ, ಮೇಲಿನ ಮೂವತ್ತು ನಗದಾಗಿ ಇವರ ಜೇಬಿಗೆ ವಾಪಸ್. ಅಂಕಿ ನಾನು ಉದಾಹರಣೆಗೆ ಹಾಕಿದ್ದು, ವಿಧಾನ ಅದೇ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. 2008ರ ಮೇ ತಿಂಗಳಲ್ಲಿ ಮೂವರನ್ನೂ ತಂಡ ಕಿತ್ತುಹಾಕಿತು. 2011ರಲ್ಲಿ ವೈಲ್ಡರ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು: 23 ಆಟಗಾರರ ವ್ಯವಹಾರ, ತಮ್ಮ ಪಾಲಿಗೆ ಬಂದದ್ದು ಸುಮಾರು 4 ಲಕ್ಷ ಡಾಲರ್. ಎರಡು ವರ್ಷ ಜೈಲಾಯಿತು. ಇಲ್ಲಿ ಯಾವ ಹುಡುಗನ ಜನ್ಮಪತ್ರವನ್ನೂ ತಿದ್ದಬೇಕಾಗಿರಲಿಲ್ಲ.

ಅದಾದ ಮೇಲೆ ಲೀಗ್ ಹೊರದೇಶದ ಹುಡುಗರ ಬೋನಸ್ಸಿಗೆ ಮಿತಿ ಹಾಕಿತು. ಪ್ರತಿ ತಂಡಕ್ಕೂ ವರ್ಷಕ್ಕಿಷ್ಟು ಅಂತ ಒಂದು ಪೂಲ್. ಆಗಿನ ನಿಯಮದಲ್ಲಿ ಅದನ್ನು ಶೇಕಡ 5ಕ್ಕಿಂತ ಹೆಚ್ಚು ಮೀರಿದರೆ ಸಹಿಯ ಮುಂದಿನ ಎರಡು ಅವಧಿ ಯಾವ ಹುಡುಗನಿಗೂ 3 ಲಕ್ಷ ಡಾಲರಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ಅಟ್ಲಾಂಟಾ ಬ್ರೇವ್ಸ್ ಮಾಡಿದ್ದು ನೋಡಿ. ಬೇರೆ ದೇಶದ ವೃತ್ತಿಪರ ಲೀಗಿನಲ್ಲಿ ಸಾಕಷ್ಟು ವರ್ಷ ಆಡಿದ ದೊಡ್ಡ ವಯಸ್ಸಿನವನು ಆ ಪೂಲಿನ ಲೆಕ್ಕಕ್ಕೆ ಬರುವುದಿಲ್ಲ. ಅಂಥ ಒಬ್ಬನ ಬೋನಸ್ ಉಬ್ಬಿಸಿ ಬರೆದರು. ಉಬ್ಬಿಸಿದ ದುಡ್ಡು ಹೋದದ್ದು ಬೇರೆ ಐದು ಹುಡುಗರಿಗೆ. ಅವರ ಒಪ್ಪಂದದಲ್ಲಿ ಕಾಣಿಸಿದ್ದು ಸಣ್ಣ ಮೊತ್ತ. ಹೀಗೆ ಮಿತಿಯೊಳಗೇ ಇದ್ದಂತೆ ತೋರಿಸಿ, ಮರುವರ್ಷ ಕೆವಿನ್ ಮೈತಾನ್ ಎಂಬ ವೆನೆಜುವೆಲಾದ ಹುಡುಗನನ್ನು 42.5 ಲಕ್ಷ ಡಾಲರಿಗೆ ತಂದರು. ಸಹಿ ಹಾಕುವ ವಯಸ್ಸೇ ಬಾರದ ಇನ್ನೊಬ್ಬ ಹುಡುಗನ ವಿಷಯದಲ್ಲೂ ಮಾತು ನಡೆದಿತ್ತು. 2017ರ ನವೆಂಬರಿನಲ್ಲಿ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ 13 ಹುಡುಗರನ್ನು ತಂಡದಿಂದ ಬಿಡಿಸಿದರು, ಜನರಲ್ ಮ್ಯಾನೇಜರ್ ಜಾನ್ ಕೊಪೊಲೆಲಾಗೆ ಆಜೀವ ನಿಷೇಧ ಹಾಕಿದರು. ಆ ‘ಆಜೀವ’ 2023ರ ಜನವರಿಯಲ್ಲಿ ಮುಗಿಯಿತು!

ಕ್ಯೂಬಾದ್ದು ಬೇರೆಯದೇ ಕಥೆ. ಅಲ್ಲಿಂದ ಓಡಿಬಂದವನು ನೇರ ಅಮೆರಿಕಕ್ಕೆ ಬಂದು ನೆಲೆಸಿದರೆ ಡ್ರಾಫ್ಟಿಗೆ ಬೀಳುತ್ತಾನೆ, ಬೆಲೆ ಕುಸಿಯುತ್ತದೆ. ಮೊದಲು ಮೆಕ್ಸಿಕೊ, ಹೈಟಿ ಥರದ ಮೂರನೇ ದೇಶದ ನಿವಾಸಿಯಾದರೆ ಹರಾಜಿನಷ್ಟು ಬೆಲೆ. ನಿಯಮವೇ ಹೀಗಿದ್ದ ಮೇಲೆ ಕಳ್ಳಸಾಗಣೆಯವರು ಸುಮ್ಮನಿರುತ್ತಾರೆಯೇ? ನಾನು ಎಷ್ಟೋ ಸಲ ಮೈದಾನದಲ್ಲಿ ಕೂತು ಚಪ್ಪಾಳೆ ಹೊಡೆದ ಹೊಸೆ ಅಬ್ರೆಯು 2013ರಲ್ಲಿ ದೋಣಿಯಲ್ಲಿ ಹೈಟಿಗೆ ಬಂದವರು. ಅಲ್ಲಿಂದ ಮಯಾಮಿಗೆ ವಿಮಾನ. ಕೈಯಲ್ಲಿ ನಕಲಿ ಪಾಸ್‌ಪೋರ್ಟ್. ಅದನ್ನು ಹಿಡಿದುಕೊಂಡು ಇಳಿದರೆ ಸಿಕ್ಕಿಬೀಳುತ್ತಾರೆ. ಹಾಗಾಗಿ ಸೀಟಿನಲ್ಲಿ ಕೂತು ಒಂದು ಬಿಯರ್ ತರಿಸಿ, ಪಾಸ್‌ಪೋರ್ಟಿನ ಮೊದಲ ಹಾಳೆಯನ್ನು ಚೂರು ಚೂರಾಗಿ ಅಗಿದು ನುಂಗಿಬಿಟ್ಟರು. 2017ರಲ್ಲಿ ಮಯಾಮಿ ಕೋರ್ಟಿನಲ್ಲಿ ಅವರೇ ಸಾಕ್ಷಿ ಹೇಳಿದ್ದು. ಅವರ ಏಜೆಂಟ್ ಬಾರ್ತೊಲೊ ಹೆರ್ನಾಂಡೆಸ್‌ಗೂ, ಜೊತೆಗಿದ್ದ ತರಬೇತುದಾರನಿಗೂ ಜೈಲಾಯಿತು. ವೈಟ್ ಸಾಕ್ಸ್ ಜೊತೆ ಅಬ್ರೆಯು ಮಾಡಿಕೊಂಡಿದ್ದ ಒಪ್ಪಂದ 6.8 ಕೋಟಿ ಡಾಲರಿನದು.

ಇದನ್ನು ಕೇಳಿ ಭಾವ ತಮ್ಮ ಕೈಯಲ್ಲಿದ್ದ ಬಿಯರ್ ಲೋಟವನ್ನು ಒಮ್ಮೆ ನೋಡಿಕೊಂಡರು. “ಕಾಗದ ಗಂಟಲಲ್ಲಿ ಇಳೀತದಾ ಮಾರಾಯ?”

“ಇಳಿಸಲೇಬೇಕಲ್ಲ ಭಾವ.”

“ಎಲ್ಲರಿಗೂ ಡ್ರಾಫ್ಟ್ ಮಾಡಿಬಿಟ್ರೆ ಆಯ್ತಲ್ಲ?”

ಇದು ಎರಡನೇ ಪ್ರಶ್ನೆ, ಇದೂ ತಪ್ಪದೆ ಬರುತ್ತದೆ. ಲೀಗ್ ಕೇಳುತ್ತಿರುವುದೂ ಅದನ್ನೇ. ಆಟಗಾರರ ಸಂಘ 2022ರ ಜುಲೈನಲ್ಲಿ ಬೇಡವೆಂದಿತು. ಡ್ರಾಫ್ಟ್ ಬಂದರೆ ಹುಡುಗನಿಗೆ ಒಂದೇ ಗಿರಾಕಿ, ಚೌಕಾಸಿ ಮಾಡುವಂತಿಲ್ಲ. ಅಮೆರಿಕದ ಅಧೀನದಲ್ಲಿರುವ ಪೋರ್ಟೊರಿಕೊ ದ್ವೀಪವನ್ನು ಡ್ರಾಫ್ಟಿಗೆ ಸೇರಿಸಿದ ಮೇಲೆ ಅಲ್ಲಿಂದ ಬರುವ ಆಟಗಾರರು ಕಡಿಮೆಯಾದರು, ಇಲ್ಲೂ ಹಾಗೇ ಆದೀತು ಎಂಬ ಭಯವೂ ಇದೆ. ತಂಡಗಳು ಹದಿಮೂರರ ಹುಡುಗನ ಜೊತೆ ಮೊದಲೇ ಬಾಯಿಮಾತಿನ ಒಪ್ಪಂದ ಮಾಡಿಕೊಳ್ಳುವುದಕ್ಕೆ ಡ್ರಾಫ್ಟ್ ಕಡಿವಾಣ ಹಾಕೀತು ಎನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಅದರಿಂದ ಮೊದಲು ಉಳಿಯುವುದು ಮಾಲೀಕರ ದುಡ್ಡು ಅನ್ನುವುದೂ ಅಷ್ಟೇ ಸ್ಪಷ್ಟ. ನನಗೆ ಮುಖ್ಯ ಅನ್ನಿಸುವುದು ಆ ಬಾಯಿಮಾತೇ. ನಿಯಮಕ್ಕೆ ವಿರುದ್ಧ ಅಂತ ಗೊತ್ತಿದ್ದೂ ನಡೆಯುತ್ತದೆ, ಕಾಗದದಲ್ಲಿ ಎಲ್ಲೂ ಇರುವುದಿಲ್ಲ. ಒಪ್ಪಿದ ತಂಡ ಕೊನೇ ಗಳಿಗೆಯಲ್ಲಿ ಹಿಂದೆ ಸರಿದರೆ, ಅಷ್ಟು ಹೊತ್ತಿಗೆ ಉಳಿದ ತಂಡಗಳ ಪೂಲೂ ಬೇರೆ ಹುಡುಗರಿಗೆ ಹಂಚಿಹೋಗಿರುತ್ತದೆ. ಆ ಭರವಸೆಯ ಮೇಲೆ ಬುಸ್ಕೋನ್ ಕೊಟ್ಟಿದ್ದ ಸಾಲ ಮಾತ್ರ ಹುಡುಗನ ಮನೆಯಲ್ಲೇ ಉಳಿಯುತ್ತದೆ. ಶಾಲೆಯಂತೂ ಮೂರು ನಾಲ್ಕು ವರ್ಷದ ಹಿಂದೆಯೇ ಬಿಟ್ಟಾಗಿದೆ.

ಭಾವ ಮತ್ತೇನೋ ಕೇಳಬೇಕೆಂದಿದ್ದರು. ಅಷ್ಟರಲ್ಲಿ ಏಳನೇ ಇನಿಂಗ್ಸಿನ ನಡುವೆ ಹಾಡುವ ವಾಡಿಕೆಯ ಹಾಡಿಗೆ ಎಲ್ಲರೂ ಎದ್ದು ನಿಂತರು, ನಾವೂ ನಿಂತೆವು.