ಕಾರಿನ ಕೆಳಗೆ ಒಬ್ಬರೇ ಹೋಗಬೇಡಿ

ಮಿಶಿಗನ್‌ನಲ್ಲಿ ಕಾರು ರಿಪೇರಿಗೆ ಬಿಟ್ಟರೆ ಎಷ್ಟೋ ಸಲ ಪಾರ್ಟ್ಸ್‌ಗಿಂತ ಕೂಲಿಯೇ ಜಾಸ್ತಿ. ಗಂಟೆಗೆ ನೂರು ಡಾಲರ್‌ಗಿಂತ ಕಡಿಮೆ ತಗೊಳ್ಳುವ ವರ್ಕ್‌ಶಾಪನ್ನು ಹುಡುಕಬೇಕು. ಇಲ್ಲಿಗೆ ಬಂದ ಹೊಸದರಲ್ಲಿ ನಾನು ಸ್ಪ್ಯಾನರ್ ಹಿಡಿದದ್ದು ದುಡ್ಡು ಉಳಿಸೋಕೆ. ಈಗ ಅರವತ್ತು ದಾಟಿದೆ, ಮಕ್ಕಳು ಅವರವರ ದಾರಿ ನೋಡಿಕೊಂಡಿದ್ದಾರೆ, ಆ ಒತ್ತಡ ಇಲ್ಲ. ಆದರೂ ಬಿಟ್ಟಿಲ್ಲ. ಕೊಡಗಿನ ಸೋಮವಾರಪೇಟೆಗೆ ಫೋನ್ ಮಾಡಿದಾಗೆಲ್ಲ ಅತ್ತಿಗೆ ಕೇಳುತ್ತಾರೆ, "ಇನ್ನೂ ಆ ಕಾರಿನ ಕೆಳಗೆ ಮಲಗ್ತೀಯೇನೇ? ಸಾಕು ಬಿಡೇ, ಯಾರಿಗಾದ್ರೂ ಕೊಟ್ಟು ಮಾಡಿಸು." ಊರಲ್ಲಿ ಬೇರೆಯವರೂ ಕೇಳಿದ್ದಾರೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ತೋಟದ ಶೆಡ್ಡಿನಲ್ಲಿ ಹಳೇ ಜೀಪು ಇಟ್ಟುಕೊಂಡು ತಾವೇ ನೋಡಿಕೊಳ್ಳುವ ನಮ್ಮ ವಯಸ್ಸಿನವರಿಗೂ ಇದು ಬೇಕಾಗುತ್ತದೆ.

ಈ ಕೆಲಸ ನಾನು ಕಲಿತದ್ದು ಅಮೆರಿಕದಲ್ಲಿ ಅಲ್ಲ, ನಮ್ಮ ತೋಟದಲ್ಲಿ. ಮಹೀಂದ್ರಾದವರು 1947ರಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದರಲ್ಲ, ಆ ವಂಶದ ಜೀಪುಗಳು ನಮ್ಮ ಕಡೆ ಇವತ್ತಿಗೂ ಕಾಫಿ ಹಣ್ಣು ಹೊರುತ್ತಿವೆ. ಜೂನ್‌ನಲ್ಲಿ ಮಳೆ ಹಿಡಿದು, ಮರ ಬಿದ್ದು ರಸ್ತೆ ಮುಚ್ಚಿಕೊಂಡರೆ ಯಾವ ಮೆಕ್ಯಾನಿಕ್ ತೋಟದವರೆಗೆ ಬರುತ್ತಾನೆ? ಹಾಗಾಗಿ ಅಪ್ಪ ಎಲ್ಲ ತಾವೇ ಮಾಡುತ್ತಿದ್ದರು. ಪ್ಲೇಟ್ ಸೆಟ್ಟಿನ, ಅಂದರೆ ಪಟ್ಟಿ ಸ್ಪ್ರಿಂಗಿನ ಬುಷ್, ಎಂಜಿನ್ನಿನ ಶಕ್ತಿಯನ್ನು ಚಕ್ರದ ಕಡೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಎಲ್ಲ ಅವರ ಕೈಯಲ್ಲೇ. ಗ್ರೀಸ್ ತುಂಬುವ ಒಂದೊಂದು ನಿಪ್ಪಲ್‌ಗೂ ಗ್ರೀಸ್ ಗನ್ ಹಿಡಿಯೋದು ನಮ್ಮ ಭಾನುವಾರದ ಕೆಲಸ. ಹೆಣ್ಣು ಹುಡುಗಿ, ಕೈ ಕೊಳೆಯಾಗುತ್ತೆ ಅಂತ ಅಪ್ಪ ನನ್ನನ್ನು ಯಾವತ್ತೂ ದೂರ ಇಟ್ಟವರಲ್ಲ, ಅದಕ್ಕೆ ಈಗಲೂ ಅವರನ್ನು ನೆನೆಯುತ್ತೇನೆ. ಹೊಳೆ ದಾಟಿದ ಮೇಲೆ ಡ್ರಮ್ ಬ್ರೇಕ್ ಒದ್ದೆಯಾಗಿ ಹಿಡಿಯುವುದಿಲ್ಲ, ಸ್ವಲ್ಪ ದೂರ ಪೆಡಲ್ ಮೇಲೆ ಕಾಲಿಟ್ಟು ಮೆಲ್ಲಗೆ ಓಡಿಸಿ ಒಣಗಿಸಬೇಕು ಅನ್ನೋದು ನನಗೆ ಲೈಸೆನ್ಸ್ ಸಿಗುವ ಎಷ್ಟೋ ವರ್ಷ ಮುಂಚೆ ಗೊತ್ತಿತ್ತು.

ಊರಲ್ಲಿ ಗಾಡಿಗೆ ಶತ್ರು ಕೆಸರು, ಇಲ್ಲಿ ಉಪ್ಪು. ಚಳಿಗಾಲದಲ್ಲಿ ರಸ್ತೆಯ ಮೇಲಿನ ಹಿಮ ಕರಗಲಿ ಅಂತ ಲಾರಿಗಟ್ಟಲೆ ಕಲ್ಲುಪ್ಪು ಚೆಲ್ಲುತ್ತಾರೆ. ಡೆಟ್ರಾಯ್ಟ್ ನಗರದ ಅಡಿಯಲ್ಲೇ, ಸಾವಿರ ಅಡಿಗಿಂತ ಆಳದಲ್ಲಿ, ದೊಡ್ಡ ಉಪ್ಪಿನ ಗಣಿ ಇದೆ. ಶುರುವಾಗಿ ನೂರು ವರ್ಷ ದಾಟಿದೆ. ಅಲ್ಲಿ ತೆಗೆದ ಉಪ್ಪು ರಸ್ತೆಗೇ ಹೋಗುತ್ತದೆ. ಆ ಉಪ್ಪುನೀರು ಕಾರಿನ ಅಡಿಗೆ ಮೆತ್ತಿಕೊಂಡು ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಬ್ರೇಕ್ ಎಣ್ಣೆ ಹೋಗುವ ಉಕ್ಕಿನ ಪೈಪೇ ತೂತಾಗುವುದುಂಟು. ನಮ್ಮಲ್ಲಿ 15 ವರ್ಷ ದಾಟಿದ ಗಾಡಿಯನ್ನು ಆರ್‌ಟಿಒಗೆ ಕೊಂಡುಹೋಗಿ ತೋರಿಸಲೇಬೇಕು. ಮಿಶಿಗನ್‌ನಲ್ಲಿ ಸ್ವಂತ ಕಾರಿಗೆ ಅಂಥ ತಪಾಸಣೆಯೂ ಇಲ್ಲ. ಕೆಳಗೆ ಬಗ್ಗಿ ನೋಡದಿದ್ದರೆ ಪೈಪ್ ಒಡೆದ ದಿನವೇ ಗೊತ್ತಾಗೋದು. ನಾನು ಈ ಕೆಲಸ ಬಿಡದಿರಲು ಇದೇ ಮುಖ್ಯ ಕಾರಣ. ನಾನು ಓಡಿಸುವ ಗಾಡಿಯ ಬ್ರೇಕ್ ಪೈಪ್ ಹೇಗಿದೆ ಅಂತ ನನ್ನ ಕಣ್ಣಲ್ಲೇ ನೋಡಿರಬೇಕು.

ವಯಸ್ಸು ಮೊದಲು ತಟ್ಟಿದ್ದೂ ಕಣ್ಣಿಗೇ, ಮೊಣಕಾಲಿಗಲ್ಲ. ನಮ್ಮಂಥವರು ಹಾಕುವ ಪ್ರೋಗ್ರೆಸಿವ್ ಕನ್ನಡಕದಲ್ಲಿ ಹತ್ತಿರದ್ದು ಕಾಣುವ ಭಾಗ ಗಾಜಿನ ಕೆಳಗಡೆ ಇರುತ್ತದೆ. ಪೇಪರ್ ಓದೋಕೆ ಅದು ಸರಿ. ಕಾರಿನ ಕೆಳಗೆ ಅಂಗಾತ ಮಲಗಿದಾಗ ಬೋಲ್ಟು ಇರುವುದು ಮುಖದಿಂದ ಒಂದೂವರೆ ಗೇಣು ಮೇಲೆ, ಆದರೆ ನೋಟ ಹೋಗೋದು ಗಾಜಿನ ಮೇಲ್ಭಾಗದ ಮೂಲಕ, ಅಂದರೆ ದೂರದ್ದು ಕಾಣುವ ಕಡೆಯಿಂದ. ಎಲ್ಲ ಮಸುಕು. ಆಗ ಗದ್ದ ಎತ್ತಿ, ಕತ್ತು ಹಿಂದಕ್ಕೆ ಬಾಗಿಸಿ ನೋಡೋಕೆ ಶುರು ಮಾಡುತ್ತೇವೆ, ರಾತ್ರಿಗೆ ಕತ್ತೂ ತಲೆಯೂ ನೋವು. ಪರಿಹಾರ ಸುಲಭ. ಪೂರ್ತಿ ಗಾಜು ಹತ್ತಿರದ್ದಕ್ಕೇ ಇರುವ ಒಂದು ಅಗ್ಗದ ಕನ್ನಡಕ ಟೂಲ್ ಬಾಕ್ಸಿನಲ್ಲೇ ಇರಲಿ. ಜೊತೆಗೆ ಹಣೆಗೆ ಕಟ್ಟುವ ಲೈಟು. ವಯಸ್ಸಾದ ಕಣ್ಣಿಗೆ ಬೆಳಕು ಜಾಸ್ತಿ ಬೇಕು. ಎಷ್ಟೋ ಜನ ಕೈಯಲ್ಲಿ ಶಕ್ತಿ ಇಲ್ಲ ಅಂತ ಬಿಟ್ಟ ಕೆಲಸ ನಿಜವಾಗಿ ಸರಿಯಾಗಿ ಕಾಣದೆ ಬಿಟ್ಟದ್ದು ಅನ್ನಿಸುತ್ತದೆ ನನಗೆ.

ಇನ್ನು ಶಕ್ತಿಯ ಮಾತು. ಸುಮಾರು ಕಾರುಗಳಲ್ಲಿ ಚಕ್ರದ ನಟ್ಟು ಬಿಗಿಯಬೇಕಾದ್ದು 100 ನ್ಯೂಟನ್ ಮೀಟರ್ ಆಸುಪಾಸು. ಅರ್ಧ ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಅದಕ್ಕೆ 20 ಕೆಜಿಯಷ್ಟು ಭಾರ ಹಾಕಬೇಕು. ಹಿಡಿ ಒಂದು ಮೀಟರ್ ಇದ್ದರೆ 10 ಕೆಜಿ ಸಾಕು. ಇಷ್ಟೇ ಲೆಕ್ಕ. ಹುಡುಗರು ಸ್ಪ್ಯಾನರ್ ಮೇಲೆ ಹತ್ತಿ ನಿಂತು ಬಿಚ್ಚುತ್ತಾರಲ್ಲ, ಅದನ್ನು ನಮ್ಮ ವಯಸ್ಸಿನವರು ಮಾಡಲೇಬಾರದು, ಜಾರಿದರೆ ಮುರಿಯೋದು ನಮ್ಮ ಮೂಳೆ. ಬಿಚ್ಚೋಕೆ ಉದ್ದದ ಹಿಡಿ ತಗೊಳ್ಳಿ. ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಹಿಂದಿನ ರಾತ್ರಿಯೇ ಬಿಟ್ಟಿಡಿ. ಬಿಗಿಯುವಾಗ ಮಾತ್ರ ಉದ್ದದ ಹಿಡಿ ಬೇಡ, ಟಾರ್ಕ್ ರೆಂಚ್‌ನಲ್ಲಿ ಅಳತೆ ನೋಡಿಯೇ ಬಿಗಿಯಬೇಕು. ವಿಪರೀತ ಬಿಗಿದರೆ ನಟ್ಟು ಕೂರುವ ಸ್ಟಡ್ ಎಳೆದುಕೊಂಡು ಕೆಡುತ್ತದೆ.

ಬಿಪಿ ಮಾತ್ರೆ ತಗೊಳ್ಳುವವರು ಮಲಗಿದಲ್ಲಿಂದ ತಟ್ಟನೆ ಎದ್ದು ನಿಲ್ಲಬೇಡಿ, ತಲೆ ಸುತ್ತಬಹುದು. ಮೊದಲು ಹೊರಗೆ ಜಾರಿ, ಕೂತು, ಸ್ವಲ್ಪ ಹೊತ್ತು ಬಿಟ್ಟು ಏಳಿ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಗೊಳ್ಳುವವರಿಗೆ ಸಣ್ಣ ಗೀರಿನಿಂದಲೂ ರಕ್ತ ಬೇಗ ನಿಲ್ಲುವುದಿಲ್ಲ, ಕೈಗವಸು ಹಾಕದೆ ತುಕ್ಕು ಹಿಡಿದ ತಗಡಿನ ಹತ್ತಿರ ಹೋಗಬೇಡಿ.

ಕೆಲವು ಕೆಲಸ ನಾನು ಬಿಟ್ಟೂ ಇದ್ದೇನೆ. ಮುಂದಿನ ಸಸ್ಪೆನ್ಷನ್ನಿನ ಸ್ಪ್ರಿಂಗ್ ಬಿಚ್ಚೋದು ಬಿಟ್ಟೆ. ಅದುಮಿಟ್ಟ ಸ್ಪ್ರಿಂಗ್ ಕೈ ತಪ್ಪಿ ಹಾರಿದರೆ ಜೀವಕ್ಕೇ ಅಪಾಯ, ತಪ್ಪಿಸಿಕೊಳ್ಳುವ ಚುರುಕು ನನ್ನಲ್ಲಿ ಈಗಿಲ್ಲ. ಗೇರ್ ಬಾಕ್ಸ್ ಇಳಿಸೋದು ಬಿಟ್ಟೆ. ಬ್ಯಾಟರಿ 15ರಿಂದ 20 ಕೆಜಿ ತೂಗುತ್ತದೆ, ಬಾನೆಟ್ಟಿನ ಮೇಲೆ ಬಗ್ಗಿ ಅಷ್ಟು ಭಾರ ಎತ್ತಿದರೆ ಸೊಂಟ ಹಿಡಿಯುತ್ತದೆ. ಅದಕ್ಕೆ ಯಾರನ್ನಾದರೂ ಕರೆಯುತ್ತೇನೆ. ಮೊದಲು ನೆಗೆಟಿವ್ ವೈರು ಬಿಚ್ಚೋದು, ಕೊನೆಗೆ ಅದನ್ನೇ ಹಾಕೋದು, ಆ ಭಾಗ ನನ್ನದು.

ಹೊಸ ಕಾರುಗಳಲ್ಲಿ ಕೈಯೇ ಹಾಕೋಕಾಗಲ್ಲ ಅನ್ನುವವರಿದ್ದಾರೆ. ಪೂರ್ತಿ ಸುಳ್ಳಲ್ಲ. ಬಟನ್ ಒತ್ತುವ ಪಾರ್ಕಿಂಗ್ ಬ್ರೇಕ್ ಇದ್ದರೆ ಎಷ್ಟೋ ಕಾರುಗಳಲ್ಲಿ ಹಿಂದಿನ ಚಕ್ರದ ಬ್ರೇಕ್ ಪ್ಯಾಡ್ ಬದಲಿಸುವ ಮುಂಚೆ ಆ ಬ್ರೇಕನ್ನು ಸರ್ವಿಸ್ ಮೋಡ್‌ಗೆ, ಅಂದರೆ ರಿಪೇರಿಗೆ ಸಡಿಲಿಸುವ ಸ್ಥಿತಿಗೆ ಹಾಕಬೇಕು, ಪಿಸ್ಟನ್ ಬಲವಂತವಾಗಿ ತಳ್ಳಿದರೆ ಅದರ ಮೋಟರು ಹಾಳು. ಆದರೆ ಇನ್ನೊಂದು ಕಡೆಯೂ ಇದೆ. 1996ರಿಂದ ಅಮೆರಿಕದಲ್ಲಿ ಮಾರುವ ಪ್ರತಿ ಪೆಟ್ರೋಲ್ ಕಾರಿನಲ್ಲೂ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರಲೇಬೇಕು. ಅದಕ್ಕೆ ಪುಟ್ಟ ಸ್ಕ್ಯಾನರ್ ಚುಚ್ಚಿದರೆ ಗಾಡಿ ತನ್ನ ಕಾಯಿಲೆ ತಾನೇ ಹೇಳುತ್ತದೆ. ಪಿ0301 ಅನ್ನುವ ಕೋಡ್ ಬಂದರೆ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಅಂತ. ಕೆಟ್ಟಿರೋದು ಸ್ಪಾರ್ಕ್ ಪ್ಲಗ್ಗೋ ಇಗ್ನಿಷನ್ ಕಾಯಿಲೋ ನೋಡೋದು ಆಮೇಲಿನ ಮಾತು. ಇದು ಸೀಟಿನಲ್ಲಿ ಕೂತು ಮಾಡುವ ಕೆಲಸ. ಇಲ್ಲಿನ ಬಿಡಿಭಾಗದ ಅಂಗಡಿಗಳಲ್ಲಿ ದೊಡ್ಡ ಟೂಲ್‌ಗಳನ್ನು ಡಿಪಾಸಿಟ್ ಇಟ್ಟುಕೊಂಡು ಎರವಲು ಕೊಡುತ್ತಾರೆ, ವಾಪಸ್ ಕೊಟ್ಟರೆ ದುಡ್ಡು ಪೂರ್ತಿ ವಾಪಸ್. ಈ ಪದ್ಧತಿ ನಮ್ಮ ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಬಂದರೆ ಎಷ್ಟು ಜನಕ್ಕೆ ಅನುಕೂಲ, ಅಲ್ವಾ?

ಇಷ್ಟು ಹೇಳಿದ್ದು ನಿಜವಾದ ವಿಷಯಕ್ಕೆ ಬರೋಕೆ. ಕಣ್ಣು, ಸೊಂಟ, ಶಕ್ತಿ ಎಲ್ಲಕ್ಕೂ ಏನಾದರೂ ಉಪಾಯ ಇದೆ. ಒಂಟಿಯಾಗಿ ಮಾಡೋದಕ್ಕೆ ಇಲ್ಲ.

ಇಲ್ಲಿ ಮನೆಯ ಗ್ಯಾರೇಜು ಅಂದರೆ ನಾಲ್ಕು ಗೋಡೆ, ಒಂದು ಶಟರ್. ಜನವರಿಯಲ್ಲಿ ಶಟರ್ ಎಳೆದುಕೊಂಡು ಒಳಗೆ ಕೆಲಸ ಮಾಡುತ್ತಿದ್ದರೆ ಹೊರಗಿನವರಿಗೆ ಗೊತ್ತೇ ಆಗಲ್ಲ. ಕಾರು ಕುಸಿದರೆ, ಎದೆ ನೋವು ಬಂದರೆ, ಕೂಗಿದರೆ ಯಾರಿಗೂ ಕೇಳಿಸುವುದಿಲ್ಲ. ಇನ್ನೂ ಕೆಟ್ಟದ್ದು ಅಂದರೆ ಶಟರ್ ಮುಚ್ಚಿ ಎಂಜಿನ್ ಸ್ಟಾರ್ಟ್ ಮಾಡೋದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಸುಮ್ನೆ ನಿದ್ದೆ ಬಂದ ಹಾಗೆ ಆಗಿ ಮನುಷ್ಯ ಹೋಗಿಬಿಡುತ್ತಾನೆ. ಹಾಗಾಗಿ ನನ್ನ ನಿಯಮ ಈಗ ಗಟ್ಟಿ. ಮನೆಯವರು ಗ್ಯಾರೇಜಿನಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರೆ ಮಾತ್ರ ಕೆಳಗೆ ಹೋಗೋದು. ಅವರಿಗೆ ಸ್ಪ್ಯಾನರ್ ನಂಬರ್ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವರು ಊರಲ್ಲಿಲ್ಲದ ದಿನ ಬಾನೆಟ್ ಎತ್ತಿ ನಿಂತು ಮಾಡುವ ಕೆಲಸ ಅಷ್ಟೇ.

ನಮ್ಮ ತೋಟದಲ್ಲಿ ಇದನ್ನು ಯಾರೂ ನಿಯಮ ಅಂತ ಹೇಳಿಕೊಟ್ಟಿರಲಿಲ್ಲ, ಯಾಕೆಂದರೆ ಶೆಡ್ಡಿನಲ್ಲಿ ಯಾವಾಗಲೂ ನಾಲ್ಕು ಜನ ಇರುತ್ತಿದ್ದರು. ಡ್ರೈವರ್, ತೋಟದ ಲೆಕ್ಕ ಬರೆಯುವ ರೈಟರ್, ಕೆಲಸದವರ ಲೈನ್ ಮನೆಯ ಹುಡುಗರು, ನಾವು. ಈಗ ಹಾಗಿಲ್ಲ. ಕಳೆದ ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲಿನ ಹೊತ್ತಿಗೆ ಊರಿಗೆ ಬಂದಿದ್ದೆ. ಅಣ್ಣನಿಗೆ ಅರವತ್ತೆಂಟು. ಮಗ ಬೆಂಗಳೂರಿನಲ್ಲಿ, ಮಗಳು ಮೈಸೂರಿನಲ್ಲಿ. ಕೆಲಸದವರೆಲ್ಲ ಕೊಯ್ಲಿಗೆ ಹೋದ ಮೇಲೆ ಶೆಡ್ಡಿನಲ್ಲಿ ಅಣ್ಣ ಒಬ್ಬನೇ, ಜೀಪಿನ ಕೆಳಗೆ. ಕೆಂಪು ಮಣ್ಣಿನ ಮೇಲೆ ಇಟ್ಟ ಬಾಟಲ್ ಜಾಕು, ಅದರ ಮೇಲೆ ಇಡೀ ಜೀಪಿನ ಹಿಂಭಾಗ. ಗಾಡಿಯನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್ ಇಲ್ಲ. ನನಗೆ ಕಾಲು ನಡುಗಿತು.

"ಅಣ್ಣ, ಮೊದ್ಲು ಈಚೆ ಬಾ" ಅಂದೆ.

"ಎಷ್ಟು ವರ್ಷದಿಂದ ಮಾಡ್ತಿದೀನಿ, ಏನೂ ಆಗಲ್ಲ ಕಣೇ."

"ಆಗೋದು ಒಂದೇ ಸಲ ಅಣ್ಣ. ಬಾ ಈಚೆ."

ಬಂದ. ಜಾಕು ಇರೋದು ಎತ್ತೋದಕ್ಕೆ, ಹೊತ್ತು ನಿಲ್ಲೋದಕ್ಕೆ ಅಲ್ಲ. ಒಳಗಿನ ಸೀಲ್ ಸೋತರೆ ಬಾಟಲ್ ಜಾಕು ಹೇಳದೆ ಕೇಳದೆ ಇಳಿಯುತ್ತದೆ. ಒದ್ದೆ ಮಣ್ಣಿನಲ್ಲಿ ಅದರ ಪಾದ ಹೂತು ವಾಲುತ್ತದೆ. ಅವತ್ತು ಜಾಕಿನ ಕೆಳಗೆ ದಪ್ಪ ಹಲಗೆ ಹಾಕಿದೆವು. ನೆಲದ ಮೇಲಿದ್ದ ಮುಂದಿನ ಎರಡು ಚಕ್ರಕ್ಕೂ ಹಿಂದೆ ಮುಂದೆ ಮರದ ಅಡೆ ಕೊಟ್ಟೆವು. ಪೇಟೆಯಿಂದ ಎರಡು ಉಕ್ಕಿನ ಸ್ಟ್ಯಾಂಡ್ ಬರುವ ತನಕ ಕೆಳಗೆ ಹೋಗೋದು ಬೇಡ ಅಂದೆ, ಅಣ್ಣ ಮಾತು ಕೇಳಿದ. ಸ್ಟ್ಯಾಂಡ್ ಕೂರಿಸಿದ ಮೇಲೂ ಗಾಡಿಯನ್ನು ಕೈಯಲ್ಲಿ ಜೋರಾಗಿ ಅಲ್ಲಾಡಿಸಿ ನೋಡಿ, ಆಮೇಲೆ ಕೆಳಗೆ. ಇಟ್ಟಿಗೆ, ಕಲ್ಲಿನ ರಾಶಿ, ಹಾಲೋ ಬ್ಲಾಕ್ ಯಾವುದೂ ಬೇಡ. ಹಾಲೋ ಬ್ಲಾಕ್ ಭಾರಕ್ಕೆ ತಟಕ್ಕನೆ ಪುಡಿಯಾಗುತ್ತದೆ.

ಮಾರನೇ ದಿನ ಇಬ್ಬರೂ ಸೇರಿ ಬ್ರೇಕ್ ಎಣ್ಣೆ ಬದಲಿಸಿದೆವು. ಇದು ಮೊದಲಿನಿಂದಲೂ ಇಬ್ಬರ ಕೆಲಸ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರದ ನಿಪ್ಪಲ್ ಸಡಿಲಿಸಿ ಹಳೇ ಎಣ್ಣೆ, ಗಾಳಿ ಬಿಡಬೇಕು, ನಿಪ್ಪಲ್ ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು. ಇಲ್ಲದಿದ್ದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. "ಒತ್ತು", "ಹಿಡ್ಕೋ", "ಬಿಡು" ಅಂತ ಕೂಗುತ್ತಾ ಅಣ್ಣ ತಂಗಿ ಹಳೇ ಕಾಲದ ಹಾಗೆ ಅರ್ಧ ದಿನ ಕಳೆದೆವು, ಅತ್ತಿಗೆ ಶೆಡ್ಡಿಗೇ ಕಾಫಿ ತಂದುಕೊಟ್ಟರು. ಅಷ್ಟು ಖುಷಿ ನನಗೆ ಮಿಶಿಗನ್‌ನ ಗ್ಯಾರೇಜಿನಲ್ಲಿ ಒಂದು ದಿನವೂ ಆಗಿಲ್ಲ.

ಈ ಎಣ್ಣೆಯ ಬಗ್ಗೆ ಕೊಡಗಿನವರು ಸ್ವಲ್ಪ ಜಾಸ್ತಿಯೇ ಎಚ್ಚರ ಇಡಬೇಕು. ಬ್ರೇಕ್ ಎಣ್ಣೆ ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಎಣ್ಣೆ ಹೊಸದಿದ್ದಾಗ ಕಡೇಪಕ್ಷ 230 ಡಿಗ್ರಿವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ತೇವಕ್ಕೇನು ಬರ. ಸಂಪಾಜೆ ಘಾಟಿ ಇಳಿಯುವಾಗ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಹೋದರೆ ಎಣ್ಣೆ ಕಾದು ಕುದ್ದು ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ಕಡಿಮೆ ಗೇರಿನಲ್ಲಿ ಇಳಿಯೋದು ಎಲ್ಲರಿಗೂ ಗೊತ್ತು. ಎಣ್ಣೆ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಅನ್ನೋದು ಗೊತ್ತಿದ್ದರೂ ಮರೆಯುತ್ತಾರೆ.

ಅಣ್ಣ ಈಗ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾನೆ. ಜೀಪಿನ ಕೆಳಗಿನ ಕೆಲಸ ಲೈನ್ ಮನೆಯ ಹುಡುಗನಿಗೆ ರಜೆ ಇರುವ ಭಾನುವಾರ ಮಾತ್ರ. ಅವನಿಗೆ ಕಲಿಯುವ ಆಸೆ ಇದೆ, ಅಣ್ಣನಿಗೆ ಕಲಿಸುವ ಆಸೆ ಇದೆ, ಆ ದಿನದ ಕೂಲಿಯನ್ನೂ ಅಣ್ಣ ಕೊಡುತ್ತಾನೆ. ತೋಟದೊಳಗೆ ಫೋನ್ ಸಿಗ್ನಲ್ ನಂಬೋಕಾಗಲ್ಲ, ಹಾಗಾಗಿ ಕೂಗಿದರೆ ಕೇಳುವಷ್ಟು ಹತ್ತಿರ ಒಬ್ಬರು ಇರಲೇಬೇಕು. ಊರಲ್ಲಿ ತಂದೆ ತಾಯಿ ಇಬ್ಬರೇ ಇದ್ದು, ನೀವು ಬೆಂಗಳೂರಿನಲ್ಲೋ ಇನ್ನೆಲ್ಲೋ ಇದ್ದರೆ, ಮುಂದಿನ ಸಲ ಬರುವಾಗ ಸಿಹಿ ಪೊಟ್ಟಣದ ಜೊತೆ ಒಂದು ಜೊತೆ ಸ್ಟ್ಯಾಂಡ್ ತನ್ನಿ. ಬ್ರೇಕ್ ಎಣ್ಣೆ ಬದಲಿಸೋಕೆ ಮೇ ತಿಂಗಳು ಒಳ್ಳೆಯದು, ಮಳೆ ಇನ್ನೂ ಹಿಡಿದಿರುವುದಿಲ್ಲ, ಮೊಮ್ಮಕ್ಕಳೂ ರಜೆಗೆ ಬಂದಿರುತ್ತಾರೆ. ಕಾಲು ಎಟುಕುವವರು ಒಬ್ಬರನ್ನು ಪೆಡಲ್ ಒತ್ತೋಕೆ ಕೂರಿಸಿ.