ಭೂ ನಿರ್ವಹಣೆ ಕೆಲಸ: ವೀಸಾ ಮಾತು ಮೊದಲೇ ಆಡಿ

ಬ್ರಿಟನ್ನಿನ ಒಂದು ಎಸ್ಟೇಟ್ ನಿರ್ವಹಣೆ ಕೆಲಸಕ್ಕೆ ನನ್ನ ಎರಡು ಸುತ್ತಿನ ಸಂದರ್ಶನ ಚೆನ್ನಾಗೇ ಆಯಿತು. ಗೇಣಿ ಕರಾರು, ಜಮೀನಿನ ಮೌಲ್ಯಮಾಪನ, ಗಡಿ ನಕ್ಷೆ ಎಲ್ಲ ಕೇಳಿದರು. ಕೊನೆಗೆ, 'ನಾವು ವೀಸಾ ಸ್ಪಾನ್ಸರ್ ಮಾಡಲ್ಲ' ಅಂದುಬಿಟ್ಟರು. ತುಂಬಾ ಬೇಜಾರಾಯಿತು.

ಅಲ್ಲಿ ಸ್ಕಿಲ್ಡ್ ವರ್ಕರ್ ವೀಸಾ ಸಿಗಬೇಕಾದರೆ ಕಂಪನಿಗೆ ಸ್ಪಾನ್ಸರ್ ಲೈಸೆನ್ಸ್, ಅಂದರೆ ವಿದೇಶಿಯರನ್ನು ಕೆಲಸಕ್ಕೆ ಕರೆಸಿಕೊಳ್ಳಲು ಸರ್ಕಾರದ ಅನುಮತಿ, ಇರಲೇಬೇಕು. ಲೈಸೆನ್ಸ್ ಇರುವವರ ಪಟ್ಟಿಯನ್ನು ಸರ್ಕಾರವೇ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಆದರೆ ಪಟ್ಟಿಯಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ನಿಮ್ಮ ಹುದ್ದೆಗೂ ಸ್ಪಾನ್ಸರ್ ಮಾಡುತ್ತಾರೆ ಅಂತಲ್ಲ, ಮೊದಲ ಈಮೇಲಿನಲ್ಲೇ ಕೇಳಿಬಿಡಿ.

ಸಂಬಳದ್ದೇ ದೊಡ್ಡ ತಲೆನೋವು. 2025ರ ಜುಲೈ 22ರಿಂದ ಈ ವೀಸಾಕ್ಕೆ ಬೇಕಾದ ಸಾಮಾನ್ಯ ಕನಿಷ್ಠ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್ ಆಗಿದೆ, ಹೊಸಬರಿಗೆ ಇದು ಜಾಸ್ತಿನೇ ಅಲ್ವಾ? ಒಂದು ದಾರಿ ಇದೆ. ನೀವು 26 ವರ್ಷದೊಳಗಿನವರಾಗಿದ್ದರೆ, ಇಲ್ಲವೇ ಚಾರ್ಟರ್ಡ್ ಸರ್ವೇಯರ್ (ಜಮೀನು, ಆಸ್ತಿ ವಿಷಯದಲ್ಲಿ ಮಾನ್ಯತೆ ಪಡೆದ ತಜ್ಞ) ಆಗಲು ತರಬೇತಿಯಲ್ಲಿದ್ದರೆ, ಮಿತಿ 33,400ಕ್ಕೆ ಇಳಿಯಬಹುದು, ಆದರೆ ಆ ಹುದ್ದೆಗೆ ನಿಗದಿಯಾದ ದರವನ್ನೂ ನೋಡಬೇಕು. ಸರ್ವೇಯರ್‌ಗಳ ಸಂಸ್ಥೆ ಆರ್‌ಐಸಿಎಸ್‌ನ ಎಪಿಸಿ ಅನ್ನುವ ಮೌಲ್ಯಮಾಪನಕ್ಕೆ ತಯಾರಾಗುತ್ತಿದ್ದರೆ ಅದನ್ನು ಅರ್ಜಿಯಲ್ಲಿ ಎದ್ದು ಕಾಣುವಂತೆ ಬರೆಯಿರಿ.

ಅಮೆರಿಕದ ಕಥೆ ಬೇರೆ. ಅಲ್ಲಿ ಸುಮಾರು 24.5 ಕೋಟಿ ಎಕರೆ ಜಮೀನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ಕೆಲಸಗಳು ಬಹುತೇಕ ಆ ದೇಶದ ಪ್ರಜೆಗಳಿಗೇ ಮೀಸಲು. ಖಾಸಗಿ ಕಂಪನಿಗಳನ್ನೇ ಹುಡುಕಿ.