ನೀರಿನ ಜಾಡು ಹಿಡಿದ ತಂತಿ

ಆದವಾನಿ, 2024 ಏಪ್ರಿಲ್ 21, ಭಾನುವಾರ

ಈ ವಾರ ಸಂಜೆ ಹೊತ್ತೆಲ್ಲ ಆಸ್ಟ್ರೇಲಿಯಾದ ನಕ್ಷೆಯ ಮುಂದೆಯೇ ಕಳೆಯಿತು. ದಕ್ಷಿಣದ ಅಡಿಲೇಡ್‌ನಿಂದ ಉತ್ತರ ತುದಿಯ ಡಾರ್ವಿನ್‌ವರೆಗೆ ಸುಮಾರು 3,200 ಕಿ.ಮೀ. ಉದ್ದದ ಟೆಲಿಗ್ರಾಫ್ ಮಾರ್ಗ, 1870ರಿಂದ 1872ರೊಳಗೆ ಎಳೆದದ್ದು. ಕಂಬಗಳೇ 36,000. ಅಡ್ಡ ಬರುವ ಊರಿಲ್ಲ, ಹೊಲವಿಲ್ಲ. ಆದರೂ ತಂತಿ ಗೀಟು ಎಳೆದಂತೆ ನೆಟ್ಟಗೆ ಹೋಗಿಲ್ಲ, ಅಲ್ಲಲ್ಲಿ ವಾಲಿಕೊಂಡು ಹೋಗಿದೆ. ಯಾಕೆಂದು ಹುಡುಕುತ್ತ ಹೋದರೆ ಎಲ್ಲ ಕಡೆಯೂ ಸಿಕ್ಕ ಉತ್ತರ ಒಂದೇ, ನೀರು. ಟ್ಯಾಂಕರ್ ಬರುವ ವೇಳೆ ನೋಡಿಕೊಂಡು ಬೇಸಿಗೆ ಕಳೆಯುವ ಊರಿನವಳಿಗೆ ಇದು ಬೇಗ ಅರ್ಥವಾಯಿತು.

ಆ ಮಾರ್ಗ ಕಟ್ಟಿಸಿದ ಚಾರ್ಲ್ಸ್ ಟಾಡ್ ನೆಚ್ಚಿಕೊಂಡಿದ್ದು 1862ರಲ್ಲಿ ಖಂಡದ ಆ ದಡ ಮುಟ್ಟಿ ಬಂದ ಜಾನ್ ಮೆಕ್‌ಡೌಲ್ ಸ್ಟುವರ್ಟ್‌ನ ದಾರಿಯನ್ನು. ಸ್ಟುವರ್ಟ್ ನಡೆದದ್ದು ನೆಲದಡಿಯಿಂದ ತಾನಾಗಿ ಉಕ್ಕುವ ಬುಗ್ಗೆಗಳ ಸಾಲು ಹಿಡಿದು. ಅವನಿಗಿಂತ ಎಷ್ಟೋ ಸಾವಿರ ವರ್ಷ ಮೊದಲೇ ಅರಬಾನಾ ಮುಂತಾದ ಮೂಲನಿವಾಸಿಗಳು ಬಲ್ಲ ನೀರು ಅದು. ಸಾಮಾನು ಹೊತ್ತವುಗಳಲ್ಲಿ ಒಂಟೆಗಳೂ ಇದ್ದವು. 1865ರ ಕೊನೆಗೆ ಕರಾಚಿಯಿಂದ ಹಡಗಿನಲ್ಲಿ ನೂರಕ್ಕೂ ಹೆಚ್ಚು ಒಂಟೆಗಳನ್ನು ತಂದಿದ್ದರು, ಜೊತೆಗೆ ಅವುಗಳನ್ನು ಸಾಕಿ ಬಲ್ಲವರನ್ನೂ.

ದೂರ ಹೋದಷ್ಟೂ ವಿದ್ಯುತ್ ಸಂಕೇತ ಸೊರಗುತ್ತದೆ. ಅದಕ್ಕೆ 200–300 ಕಿ.ಮೀ.ಗೊಂದು ಠಾಣೆ. ಅಲ್ಲಿನವನು ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಕೇಳಿ ಬರೆದುಕೊಂಡು ಮತ್ತೆ ಮುಂದಕ್ಕೆ ಬಡಿಯಬೇಕು. ಠಾಣೆಯ ಜನಕ್ಕೆ, ಕುದುರೆಗೆ, ಕುರಿಗೆ ನೀರು ಬೇಕೆಂಬುದು ಹೊಳೆದಿತ್ತು. ಬ್ಯಾಟರಿಗೂ ಬೇಕೆಂದು ನೆನಪಿಸಿದವರು ನಮ್ಮ ಓಣಿಯ ತಾತ, ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು.

“ಗಾಜಿನ ಜಾಡಿಗಳಮ್ಮಾ ಆಗ. ಬ್ಯಾಸ್ಗಿ ಬಂತಂದ್ರೆ ನೀರು ಇಳೀತಿತ್ತು, ದಿನಾ ನೋಡ್ಬೇಕು,” ಅಂದರು.

ಆಲಿಸ್ ಸ್ಪ್ರಿಂಗ್ಸ್ ಹುಟ್ಟಿದ್ದೂ ಅಂಥ ಠಾಣೆಯಿಂದಲೇ. ಒಣಗಿದ ಹೊಳೆಯ ಪಾತ್ರದಲ್ಲಿ ಕಂಡ ಒಂದು ಮಡುವಿಗೆ ಟಾಡ್‌ನ ಹೆಂಡತಿ ಆಲಿಸ್‌ಳ ಹೆಸರು, ಹೊಳೆಗೆ ಟಾಡ್‌ನ ಹೆಸರು. ಅರೆರ್ಂಟೆ ಜನ ಆ ಜಾಗಕ್ಕೆ ಮೊದಲೇ ಇಟ್ಟುಕೊಂಡಿದ್ದ ಹೆಸರನ್ನು ಯಾರೂ ಕೇಳಲಿಲ್ಲ.

ಉತ್ತರದಲ್ಲಿ ಕಥೆ ತಿರುವುಮುರುವು. ಅಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಗಾಡಿಗಳು ಕೆಸರಿನಲ್ಲಿ ಹೂತವು, ನೆಟ್ಟ ಕಂಬಗಳನ್ನು ಗೆದ್ದಲು ತಿಂದವು. ಗುತ್ತಿಗೆದಾರರನ್ನು ಬಿಡಿಸಿ ಸರಕಾರವೇ ಕೆಲಸ ವಹಿಸಿಕೊಂಡಿತು. 1872ರ ಜನವರಿ 1ರ ಗಡುವು ಮೀರಿತು. ತಂತಿ ಸೇರದೆ ಉಳಿದ ನಡುವಿನ ದಾರಿಯಲ್ಲಿ ಕೆಲವು ತಿಂಗಳು ಸವಾರರು ಕುದುರೆ ಮೇಲೆ ಸಂದೇಶ ಒಯ್ದರು. ಆಗಸ್ಟ್ 22ಕ್ಕೆ ಎರಡು ತುದಿಗಳನ್ನು ಬೆಸೆದ ಜಾಗ ಫ್ರೂಸ್ ಪಾಂಡ್ಸ್, ಅದೂ ಕೊಳವೇ!

ಬ್ಯಾರೋ ಕ್ರೀಕ್‌ನ ವಿಷಯ ಓದಿ ಪುಸ್ತಕ ಮುಚ್ಚಿಟ್ಟೆ. ಕೈಟೆಟ್ಯೆ ಜನರ ನೀರಿನ ಬಳಿಯೇ ಕಟ್ಟಿದ ಠಾಣೆ ಅದು. 1874ರ ಫೆಬ್ರವರಿಯಲ್ಲಿ ಅವರು ದಾಳಿ ಮಾಡಿದರು. ಠಾಣೆಯ ಮುಖ್ಯಸ್ಥ ಮತ್ತು ಒಬ್ಬ ಲೈನ್‌ಮ್ಯಾನ್ ಸತ್ತರು. ಸೇಡಿಗೆ ಹೊರಟ ಪೊಲೀಸ್ ತಂಡ ಅದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ಕೊಂದಿತು. ಒರತೆಯ ದಾರಿಗೆ ಬೇಲಿ ಬಿದ್ದರೆ ಏನಾಗುತ್ತದೆಂದು ನಮ್ಮ ಕಡೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಮಾರ್ಗದ ಸಾಹಸವನ್ನು ಹೊಗಳುವಾಗೆಲ್ಲ ಈ ಸಾವುಗಳನ್ನೂ ಜೊತೆಗೇ ಹೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ದೇಶದಲ್ಲಿ 1853ರಿಂದ ವೈದ್ಯ ಓಶಾನೆಸಿ ತಂತಿ ಎಳೆಸಿದಾಗಲೂ ಗೆದ್ದಲಿತ್ತು, ಮಂಗಗಳ ಕಾಟವಿತ್ತು. ಆದರೆ ದಾರಿಯುದ್ದಕ್ಕೂ ಊರಿತ್ತು, ಊರಿಗೊಂದು ಬಾವಿಯಿತ್ತು.

ಅಡಿಲೇಡ್‌ನಿಂದ ಲಂಡನ್ನಿಗೆ ಹೊರಟ ಸಂದೇಶ ಡಾರ್ವಿನ್ ಬಿಟ್ಟ ಮೇಲೆ ಜಾವಾ, ಸಿಂಗಪುರ, ಪೆನಾಂಗ್ ದಾಟಿ ಮದರಾಸಿಗೆ ಬರುತ್ತಿತ್ತು. ಅಲ್ಲಿಂದ ಬೊಂಬಾಯಿಗೆ ನೆಲದ ಮೇಲಿನ ತಂತಿ, ಆಮೇಲೆ ಅರೇಬಿಯಾದ ಏಡನ್ ಬಂದರಿಗೆ ಮತ್ತೆ ಸಮುದ್ರದಡಿಯ ತಂತಿ. ಅಂದರೆ ನಮ್ಮ ದಖ್ಖನ್ ದಾಟದೆ ಅದಕ್ಕೆ ದಾರಿಯೇ ಇರಲಿಲ್ಲ! ಮದರಾಸು, ಬೊಂಬಾಯಿಗಳ ರೈಲು ಹಳಿಗಳು ರಾಯಚೂರಿನಲ್ಲಿ ಸೇರಿದ್ದೂ ಅದೇ ಹೊತ್ತಿಗೆ, 1871ರಲ್ಲಿ. ಉಗಿಬಂಡಿಗೂ ನೀರು ಬೇಕಿತ್ತಲ್ಲ. ರಾಯಚೂರಿನಿಂದ ಗುಂತಕಲ್‌ವರೆಗೆ ಯಾವ ಯಾವ ಸ್ಟೇಷನ್ನಿನಲ್ಲಿ ಬಾವಿ ಇತ್ತೆಂದು ತಾತನನ್ನು ಕೇಳಿ ಬರೆದುಕೊಳ್ಳಬೇಕು.